ಹಯವದನಕ್ಕೆ ಎರಡು ದಿನ: ನಾಟಕ ಓದೋ ವರ್ಕ್‌ಶಾಪ್ ರಿವ್ಯೂ

ಹೋದ ಶನಿವಾರ ಭಾನುವಾರ ಬೆಂಗಳೂರಲ್ಲಿ ಒಂದು ಚಿಕ್ಕ ತಂಡದವರು ನಡೆಸಿದ ನಾಟಕ ಓದೋ ವರ್ಕ್‌ಶಾಪ್‌ಗೆ ಹೋಗಿದ್ದೆ. ಫೀಸು 1,200, ನಾವು 14 ಜನ, ಎರಡು ದಿನಕ್ಕೂ ಒಂದೇ ನಾಟಕ, ಗಿರೀಶ ಕಾರ್ನಾಡರ ಹಯವದನ. ಗೊತ್ತಿಲ್ದೋರಿಗೆ ಕಥೆ ಇಷ್ಟು: ಪದ್ಮಿನಿ ಗಂಡ ದೇವದತ್ತ, ಅವನ ಗೆಳೆಯ ಕಪಿಲ, ಇಬ್ರೂ ಕಾಳಿ ಗುಡೀಲಿ ತಲೆ ಕಡ್ಕೊಂಡು ಸಾಯ್ತಾರೆ; ಕಾಳಿ ವರದಿಂದ ಅವ್ರನ್ನ ಬದುಕಿಸೋವಾಗ ಪದ್ಮಿನಿ ಒಬ್ಬನ ತಲೆನ ಇನ್ನೊಬ್ಬನ ಮೈಗೆ ಇಟ್ಬಿಡ್ತಾಳೆ.

ಶುರುನಲ್ಲೇ ಮೇಷ್ಟ್ರು ಎಲ್ರಿಗೂ ಚೀಟಿ ಕೊಟ್ಟು, ಈ ನಾಟಕನ ಎಳ್ಕೊಂಡು ಹೋಗೋ ಪ್ರಶ್ನೆ ಯಾವ್ದು, ಒಂದು ಸಾಲಲ್ಲಿ ಬರೀರಿ ಅಂದ್ರು. ಹೆಚ್ಚುಕಮ್ಮಿ ಎಲ್ರೂ ಒಂದೇ ಬರ್ದಿದ್ವಿ: ತಲೆ ಅದಲುಬದಲಾದ ಮೇಲೆ ಪದ್ಮಿನಿ ಗಂಡ ಯಾರು, ದೇವದತ್ತನ ತಲೆ ಇರೋನಾ, ಮೈ ಇರೋನಾ? ಅವ್ರು ಸರಿ ತಪ್ಪು ಏನೂ ಹೇಳ್ಲಿಲ್ಲ, ಉತ್ತರ ಎಲ್ಲಿ ಸಿಗುತ್ತೆ ಹುಡುಕಿ ಅಂದ್ರು ಅಷ್ಟೇ. ನೋಡಿದ್ರೆ ಎರಡನೇ ಅಂಕ ಶುರುವಾಗ್ತಿದ್ದಂಗೇ ಋಷಿ ತೀರ್ಪು ಬಂದೇಬಿಡುತ್ತೆ, ತಲೆ ಯಾರದ್ದೋ ಅವನೇ ಗಂಡ. ಆದ್ರೆ ನಾಟಕ ಅಲ್ಲಿಗೆ ನಿಲ್ಲಲ್ವಲ್ಲ, ಇನ್ನೂ ಅಷ್ಟು ಬಾಕಿ ಇದೆ! ಉತ್ತರ ಸಿಕ್ಮೇಲೂ ಕಥೆ ಮುಂದಕ್ಕೆ ಹೋಗ್ತಿದೆ ಅಂದ್ರೆ ನಾವು ಹಿಡ್ದಿದ್ದು ಬೇರೆ ಪ್ರಶ್ನೆ. ಈ ಒಂದು ಪಾಠಕ್ಕೇ ನಂಗೆ ಕೊಟ್ಟ ದುಡ್ಡು ವಸೂಲಾಯ್ತು.

ಆಮೇಲೆ ಮತ್ತೆ ಮೊದಲಿಂದ ಓದಿದ್ವಿ. ಪದ್ಮಿನಿಗೆ ದೇವದತ್ತನ ಬುದ್ಧೀನೂ ಬೇಕು ಕಪಿಲನ ಮೈಕಟ್ಟೂ ಬೇಕು, ಸಿಕ್ತು ಕೂಡ, ಆದ್ರೆ ದಿನ ಕಳೆದಂಗೆ ದೇವದತ್ತನಿಗೆ ಬಂದಿದ್ದ ಆ ಗಟ್ಟಿ ಮೈ ಮೆತ್ತಗಾಗ್ತಾ ಹೋಗುತ್ತೆ, ಅವಳು ಮಗು ಎತ್ಕೊಂಡು ಕಾಡಿಗೆ ಕಪಿಲನ ಹತ್ರ ಹೋಗ್ತಾಳೆ. ಅವಳು ಬಯಸಿದ ಪೂರ್ತಿ ಮನುಷ್ಯ ಅವಳಿಗೆ ದಕ್ತಾನಾ? ಈ ಪ್ರಶ್ನೆ ಮುಗಿಯೋದು ಅವರಿಬ್ರೂ ಕಾದಾಡಿ ಸತ್ತು ಅವಳು ಚಿತೆ ಏರಿದಾಗ್ಲೇ. ಕುದುರೆ ಮುಖದ ಹಯವದನಾನೂ ಪೂರ್ತಿ ಆಗ್ಬೇಕು ಅಂತಾನೇ ಅಲೀತಾನೆ, ನಾನು ಕಾಲೇಜಲ್ಲಿ ನೋಡಿದಾಗ ಅದನ್ನ ಬರೀ ನಗಿಸೋಕೆ ಇಟ್ಟಿದ್ದಾರೆ ಅಂದ್ಕೊಂಡಿದ್ದೆ. ಶುರುವಿನ ಗಣಪತಿ ಪೂಜೆ ನೆನಪಾಗಿ ಮೈ ಜುಂ ಅಂತು, ಅವನದ್ದೂ ಆನೆ ತಲೆನೇ ತಾನೆ.

ಜಾಸ್ತಿ ಜಗಳ ಆಗಿದ್ದು ಕಾಳಿ ಗುಡಿ ಸೀನ್‌ಗೆ. ಕತ್ತಲಲ್ಲಿ ಪದ್ಮಿನಿ ತಲೆ ಬದ್ಲಾಯಿಸಿದ್ದು ಗಡಿಬಿಡಿಲಾ, ಒಳಗಿನ ಆಸೆಯಿಂದ್ಲಾ? ನಮ್ಮ ಜೊತೆ ಇದ್ದ ಒಬ್ರು ಅದನ್ನ ಎರಡು ತರ ಓದಿ ತೋರಿಸಿದ್ರು, ಒಂದ್ಸಲ ನಡುಗ್ತಾ, ಒಂದ್ಸಲ ತಲೆ ಇಡೋ ಮುಂಚೆ ಒಂದು ಕ್ಷಣ ನಿಂತು. ಎರಡೂ ಒಪ್ತು. ಅದು ನಟಿ ತೀರ್ಮಾನ, ಮುಚ್ಚಿಹಾಕಬೇಡಿ ಅಂದ್ರು ಮೇಷ್ಟ್ರು. ನಂಗೆ ಮಾತ್ರ ಆಸೆನೇ ಸರಿ ಅನ್ಸುತ್ತೆ, ತಾನೇ ಆರಿಸ್ಕೊಂಡಿದ್ದು ಕೈಜಾರಿದ್ರೆ ನೋವು ಇನ್ನೂ ಜಾಸ್ತಿ ಅಲ್ವಾ.

ಬೇಜಾರಾಗಿದ್ದು ಎರಡು. ಕೊಟ್ಟ ಜೆರಾಕ್ಸ್ ಎಷ್ಟು ಮಸುಕು ಅಂದ್ರೆ ಭಾಗವತನ ಹಾಡುಗಳೇ ಕಾಣ್ತಿರ್ಲಿಲ್ಲ. ಭಾನುವಾರ ಊಟ ಆದ್ಮೇಲೆ ಓಡಿಸಿಬಿಟ್ರು, ಪದ್ಮಿನಿ ಕನಸನ್ನ ಬಾಯ್ಬಿಡೋ ಗೊಂಬೆಗಳಿಗೆ, ಮಾತೇ ಆಡದ ಆ ಮಗುಗೆ ಸೇರಿ 20 ನಿಮಿಷ! ಅದಕ್ಕೇ 5ಕ್ಕೆ 4 ಸ್ಟಾರ್.

ಮುಂದಿನ ಬ್ಯಾಚ್ ನಾಗಮಂಡಲ ಅಂತೆ, ಸೀಟ್ ಹೇಳಿಟ್ಟಿದ್ದೀನಿ. ಬರೋರು ಪುಸ್ತಕ ನೀವೇ ತಗೊಂಡು, ಮನೆಲೇ ಒಂದ್ಸಲ ಓದ್ಕೊಂಡು ಬನ್ನಿ.