ಹಳೇ ಪಿಸಿಯಲ್ಲಿ ಗೇಮ್ ತಡವರಿಸಿದರೆ ಯಾವ ಟೂಲ್ ನಂಬಬೇಕು? ಟಾಸ್ಕ್ ಮ್ಯಾನೇಜರ್, ಆಫ್ಟರ್‌ಬರ್ನರ್, ಪ್ರೆಸೆಂಟ್‌ಮಾನ್, ಎಚ್‌ಡಬ್ಲ್ಯೂಇನ್ಫೋ ಹೋಲಿಕೆ

ಎಫ್‌ಪಿಎಸ್ (ಸೆಕೆಂಡಿಗೆ ಪರದೆಗೆ ಬರುವ ಫ್ರೇಮ್, ಅಂದರೆ ಚಿತ್ರಗಳ ಸಂಖ್ಯೆ) ಬಿದ್ದ ತಕ್ಷಣ ಹೊಸ ಗ್ರಾಫಿಕ್ಸ್ ಕಾರ್ಡ್ ಹುಡುಕಲು ಹೊರಡುವವರೇ ಹೆಚ್ಚು. ತಪ್ಪು ಕಾರ್ಡಿನದೋ, ಪ್ರೊಸೆಸರಿನದೋ, ರ‍್ಯಾಮಿನದೋ, ಬರೀ ಧೂಳಿನದೋ ಎಂದು ತೋರಿಸುವ ಉಚಿತ ಟೂಲ್‌ಗಳಿವೆ. ಆದರೆ ಒಂದೊಂದು ಟೂಲ್ ಉತ್ತರಿಸುವುದು ಒಂದೊಂದು ಪ್ರಶ್ನೆಗೆ. ಅದಕ್ಕೇ ನಾಲ್ಕನ್ನೂ ಒಂದೇ ಬಗೆಯ ಯಂತ್ರದಲ್ಲಿ ಓಡಿಸಿ ಪಕ್ಕಪಕ್ಕ ಇಟ್ಟಿದ್ದೇವೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಸಿಗುವ ಆಫೀಸ್ ಡೆಸ್ಕ್‌ಟಾಪ್ ಅದು: ಐ5-4590 ಪ್ರೊಸೆಸರ್, 8 ಜಿಬಿ ಡಿಡಿಆರ್3-1600 ರ‍್ಯಾಮಿನ ಒಂದೇ ಸ್ಟಿಕ್, ಹಾರ್ಡ್ ಡಿಸ್ಕ್, ಆಮೇಲೆ ಹಾಕಿದ ಜಿಟಿಎಕ್ಸ್ 1050 ಟಿಐ 4 ಜಿಬಿ ಗ್ರಾಫಿಕ್ಸ್ ಕಾರ್ಡ್. ಗೇಮ್ ಜಿಟಿಎ 5. ಅದರ ಗ್ರಾಫಿಕ್ಸ್ ಮೆನುವಿನಲ್ಲೇ ಬೆಂಚ್‌ಮಾರ್ಕ್ (ವೇಗ ಅಳೆಯುವ ಸಿದ್ಧ ಪರೀಕ್ಷೆ) ಇರುವುದರಿಂದ ಪ್ರತಿ ಸಲವೂ ಅದೇ ದೃಶ್ಯಗಳ ಮೇಲೆ ಅಳೆಯಬಹುದು.

ಯಾವ ಟೂಲ್ ತೆರೆಯುವ ಮೊದಲೂ ಮೂರು ಕೆಲಸ. ಗೇಮಿನಲ್ಲಿ ವಿ-ಸಿಂಕ್ (ಎಫ್‌ಪಿಎಸ್ಸನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಆಫ್ ಮಾಡಿ. ಗೇಮಿನಲ್ಲಾಗಲಿ ಡ್ರೈವರ್ ಕಂಟ್ರೋಲ್ ಪ್ಯಾನೆಲ್‌ನಲ್ಲಾಗಲಿ ಎಫ್‌ಪಿಎಸ್ ಮಿತಿ ಇದ್ದರೆ ತೆಗೆಯಿರಿ. ಮಾನಿಟರ್ ಕೇಬಲ್ ಮದರ್‌ಬೋರ್ಡಿಗೆ ಅಲ್ಲ, ಕಾರ್ಡಿಗೇ ಚುಚ್ಚಿದೆಯಾ ನೋಡಿ. ಮಿತಿ ಹಾಕಿದ ಗೇಮಿನಲ್ಲಿ ಕಾರ್ಡ್ ಅರ್ಧ ಖಾಲಿ ಕೂತಿರುತ್ತದೆ, ಅದನ್ನು ನೋಡಿ ಪ್ರೊಸೆಸರನ್ನು ಬೈಯುವುದು ಸಾಮಾನ್ಯ ತಪ್ಪು.

ಟೂಲೇ ಬೇಡದ ಪರೀಕ್ಷೆಯೊಂದಿದೆ: ರೆಸಲ್ಯೂಷನ್ ಇಳಿಸುವುದು. 1920×1080ರಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1280×720ರಲ್ಲಿ 9.2 ಲಕ್ಷ. ಅಂದರೆ ಕಾರ್ಡಿನ ಪಿಕ್ಸೆಲ್ ಹೊರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಎಫ್‌ಪಿಎಸ್ ಜಿಗಿದರೆ ಅಡ್ಡಿ ಕಾರ್ಡಿನಲ್ಲಿ. ಕದಲದಿದ್ದರೆ ಪ್ರೊಸೆಸರ್ ಅಥವಾ ರ‍್ಯಾಮಿನಲ್ಲಿ. ಒಂದೇ ನಿಮಿಷದ ಕೆಲಸ, ಎಲ್ಲಕ್ಕಿಂತ ಮೊದಲು ಇದನ್ನೇ ಮಾಡಿ.

ಟಾಸ್ಕ್ ಮ್ಯಾನೇಜರ್ ಎಲ್ಲರ ಕೈಗೆ ಸಿಗುತ್ತದೆ, ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಐ5-4590ಕ್ಕೆ ನಾಲ್ಕು ಕೋರ್, ನಾಲ್ಕು ಥ್ರೆಡ್. ಗೇಮಿನ ಮುಖ್ಯ ಥ್ರೆಡ್ (ಒಂದರ ಹಿಂದೊಂದು ನಡೆಯುವ ಕೆಲಸಗಳ ಸಾಲು) ಒಂದು ಕೋರನ್ನು ಪೂರ್ತಿ ತಿಂದರೂ ಒಟ್ಟು ಲೆಕ್ಕದಲ್ಲಿ ಅದು ಬರೀ 25%. ಉಳಿದ ಥ್ರೆಡ್‌ಗಳು ಸೇರಿ 60% ತೋರಿಸಿದರೆ, ನೋಡಿದವರು ಪ್ರೊಸೆಸರ್ ಆರಾಮಾಗಿದೆ ಅಂದುಕೊಳ್ಳುತ್ತಾರೆ. ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ನೋಟಕ್ಕೆ ಬದಲಾಯಿಸಿದರೂ ಪೂರ್ತಿ ಸರಿಹೋಗುವುದಿಲ್ಲ. ವಿಂಡೋಸ್ ಆ ಥ್ರೆಡ್ಡನ್ನು ಕೋರಿಂದ ಕೋರಿಗೆ ಓಡಾಡಿಸುವುದರಿಂದ ಯಾವ ಕೋರೂ 100% ಮುಟ್ಟದೇ ಇರಬಹುದು.

ಆದರೂ ಒಂದು ಜಾಗದಲ್ಲಿ ಟಾಸ್ಕ್ ಮ್ಯಾನೇಜರೇ ವಾಸಿ. ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಪುಟದಲ್ಲಿ ಡೆಡಿಕೇಟೆಡ್ (ಕಾರ್ಡಿನದೇ) ಮತ್ತು ಶೇರ್ಡ್ (ಸಿಸ್ಟಂನಿಂದ ಎರವಲು ಪಡೆದ) ಮೆಮೊರಿ ಬೇರೆಬೇರೆ ಕಾಣುತ್ತವೆ. ಡೆಡಿಕೇಟೆಡ್ 4 ಜಿಬಿ ಅಂಚಿಗೆ ಅಂಟಿಕೊಂಡು ಶೇರ್ಡ್ ಏರತೊಡಗಿದರೆ ಟೆಕ್ಸ್ಚರ್‌ಗಳು (ವಸ್ತುಗಳ ಮೇಲ್ಮೈಯ ಚಿತ್ರಗಳು) ಸಿಸ್ಟಂ ರ‍್ಯಾಮಿಗೆ ಚೆಲ್ಲುತ್ತಿವೆ ಎಂದರ್ಥ. 1050 ಟಿಐ ತನ್ನ ಮೆಮೊರಿಯಿಂದ ಸೆಕೆಂಡಿಗೆ 112 ಜಿಬಿ ಎಳೆಯಬಲ್ಲದು. ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಪಿಸಿಐಇ 3.0 ಎಕ್ಸ್16 ದಾರಿಯಲ್ಲಿ ಬರುವುದು ಹೆಚ್ಚೆಂದರೆ 16 ಜಿಬಿಯಷ್ಟು, ಒಂದೇ ಸ್ಟಿಕ್ ಇದ್ದರೆ ಅದಕ್ಕೂ ಕಡಿಮೆ. ಕ್ಯಾಮೆರಾ ತಿರುಗಿಸಿದಾಗ ಜರ್ಕ್ ಹೊಡೆಯುವುದು ಇದರಿಂದ. ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿ ಗೇಮ್ ರೀಸ್ಟಾರ್ಟ್ ಮಾಡಿದರೆ ಸಾಕು.

ಎಂಎಸ್‌ಐ ಆಫ್ಟರ್‌ಬರ್ನರ್, ಅದರ ಜೊತೆ ಬರುವ ರಿವಾಟ್ಯೂನರ್: ಆಡುತ್ತಲೇ ನೋಡಲು ಇದಕ್ಕಿಂತ ಒಳ್ಳೆಯದಿಲ್ಲ. ಹಾಕಿ ಹಾಗೇ ಬಿಟ್ಟರೆ ಮಾತ್ರ ಪ್ರಯೋಜನ ಕಡಿಮೆ. ಸೆಟ್ಟಿಂಗ್ಸ್‌ನ ಮಾನಿಟರಿಂಗ್ ಟ್ಯಾಬ್‌ನಲ್ಲಿ ಜಿಪಿಯು ಯೂಸೇಜ್, ಕೋರ್ ಕ್ಲಾಕ್ (ಚಿಪ್ ಓಡುವ ವೇಗ), ಟೆಂಪರೇಚರ್, ನಾಲ್ಕೂ ಸಿಪಿಯು ಯೂಸೇಜ್, ರ‍್ಯಾಮ್, ಫ್ರೇಮ್‌ಟೈಮ್ (ಒಂದು ಫ್ರೇಮಿಗೆ ಹಿಡಿದ ಸಮಯ) ಆರಿಸಿ, ಪ್ರತಿಯೊಂದಕ್ಕೂ ಆನ್-ಸ್ಕ್ರೀನ್ ಡಿಸ್‌ಪ್ಲೇ ಟಿಕ್ ಹಾಕಿ. ಫ್ರೇಮ್‌ಟೈಮನ್ನು ಅಕ್ಷರದ ಬದಲು ಗ್ರಾಫ್ ಆಗಿ ಇಡಿ. 60 ಎಫ್‌ಪಿಎಸ್ ಅಂದರೆ ಫ್ರೇಮಿಗೆ 16.7 ಮಿಲಿಸೆಕೆಂಡ್. ಸರಾಸರಿ 60 ಇದ್ದೂ ನಡುವೆ 80-100 ಮಿಲಿಸೆಕೆಂಡಿನ ಮೊಳೆಯಂಥ ಏರುಗಳು ಎದ್ದರೆ ಕಣ್ಣಿಗೆ ಗೇಮ್ ತಡವರಿಸಿದಂತೆಯೇ ಕಾಣುತ್ತದೆ. ಎಫ್‌ಪಿಎಸ್ ಸಂಖ್ಯೆ ಅದನ್ನು ಮುಚ್ಚಿಡುತ್ತದೆ, ಗ್ರಾಫ್ ಮುಚ್ಚಿಡುವುದಿಲ್ಲ. ಇನ್ನೊಂದು ಎಚ್ಚರ: ಜಿಪಿಯು ಯೂಸೇಜ್ 99% ಎಂದರೆ ಆಗಿನ ಕ್ಲಾಕಿಗೆ 99% ಅಷ್ಟೇ. 1050 ಟಿಐಯ ಬೇಸ್ ಕ್ಲಾಕ್ 1290 ಮೆಗಾಹರ್ಟ್ಸ್. ಗೇಮ್ ನಡುವೆ ಅದಕ್ಕಿಂತ ತೀರಾ ಕೆಳಗೆ ಕೂತಿದ್ದರೆ ಕಾರ್ಡ್ ಬಿಸಿಯಾಗಿದೆ ಅಥವಾ ಪವರ್ ಮಿತಿಗೆ ಸಿಕ್ಕಿದೆ.

ಕಾರ್ಡೋ ಪ್ರೊಸೆಸರೋ ಎಂಬ ಮೂಲಪ್ರಶ್ನೆಗೆ ನೇರ ಉತ್ತರ ಇಂಟೆಲ್‌ನ ಪ್ರೆಸೆಂಟ್‌ಮಾನ್‌ನದು. ಇಂಟೆಲ್‌ದಾದರೂ ಎನ್‌ವಿಡಿಯಾ, ಎಎಂಡಿ ಕಾರ್ಡ್‌ಗಳಲ್ಲೂ ಓಡುತ್ತದೆ. 2023ರಲ್ಲಿ ಇದಕ್ಕೆ ಸೇರಿದ ಜಿಪಿಯು ಬ್ಯುಸಿ ಎಂಬ ಅಳತೆಯೇ ಇದರ ಜೀವಾಳ: ಪ್ರತಿ ಫ್ರೇಮಿನಲ್ಲಿ ಕಾರ್ಡ್ ನಿಜವಾಗಿ ದುಡಿದ ಸಮಯ. ಫ್ರೇಮ್‌ಟೈಮ್ 25, ಜಿಪಿಯು ಬ್ಯುಸಿ 24 ಇದ್ದರೆ ಕಾರ್ಡೇ ಮಿತಿ, ಶ್ಯಾಡೋ ಮತ್ತು ಎಂಎಸ್‌ಎಎ (ಅಂಚುಗಳನ್ನು ನುಣುಪಾಗಿಸುವ ಸೆಟ್ಟಿಂಗ್) ಇಳಿಸಿ. ಫ್ರೇಮ್‌ಟೈಮ್ 25, ಜಿಪಿಯು ಬ್ಯುಸಿ 12 ಇದ್ದರೆ ಕಾರ್ಡ್ ಪ್ರತಿ ಫ್ರೇಮಿಗೂ 13 ಮಿಲಿಸೆಕೆಂಡ್ ಕಾಯುತ್ತಾ ಕೂತಿದೆ. ಇಲ್ಲಿ ಎಷ್ಟು ದುಬಾರಿ ಕಾರ್ಡ್ ಹಾಕಿದರೂ 40 ಎಫ್‌ಪಿಎಸ್ ಹೆಚ್ಚುಕಮ್ಮಿ 40 ಆಗಿಯೇ ಉಳಿಯುತ್ತದೆ. ಜಿಟಿಎ 5ರಲ್ಲಿ ಆಗ ಇಳಿಸಬೇಕಾದ್ದು ಪಾಪ್ಯುಲೇಷನ್ ಡೆನ್ಸಿಟಿ ಮತ್ತು ಎಕ್ಸ್‌ಟೆಂಡೆಡ್ ಡಿಸ್ಟೆನ್ಸ್. ಕಾರ್ಡ್ ಬದಲಿಸುವ ದುಡ್ಡು ಉಳಿಸುವ ಶಕ್ತಿ ಈ ಒಂದು ಗ್ರಾಫಿಗಿದೆ, ಆದ್ದರಿಂದ ನಾಲ್ಕರಲ್ಲಿ ಒಂದನ್ನೇ ಹಾಕಿಕೊಳ್ಳುವುದಾದರೆ ಇದನ್ನೇ ಹಾಕಿಕೊಳ್ಳಿ. ರೆಕಾರ್ಡ್ ಮಾಡಿ ಮೊದಲು-ಆಮೇಲೆ ಹೋಲಿಸಬೇಕಿದ್ದರೆ ಇದೇ ತಂತ್ರದ ಮೇಲೆ ಕಟ್ಟಿದ ಕ್ಯಾಪ್‌ಫ್ರೇಮ್‌ಎಕ್ಸ್ ಇನ್ನೂ ಅನುಕೂಲ.

ಪ್ರೊಸೆಸರ್ ಕಡೆಯದೇ ತಪ್ಪು ಎಂದು ಗೊತ್ತಾಯಿತು, ಸರಿ. ಯಾಕೆ ಎಂಬುದನ್ನು ಪ್ರೆಸೆಂಟ್‌ಮಾನ್ ಹೇಳುವುದಿಲ್ಲ. ಅಲ್ಲಿಂದ ಮುಂದೆ ರ‍್ಯಾಮ್, ಶಾಖ ಎರಡನ್ನೂ ನೋಡಬೇಕು.

ರ‍್ಯಾಮ್ ನೋಡಲು ಸಿಪಿಯು-ಝಡ್ ಎಂಬ ಇನ್ನೊಂದು ಟೂಲಿನ ಮೆಮೊರಿ ಟ್ಯಾಬ್ ಸಾಕು. ಚಾನೆಲ್ (ಮೆಮೊರಿಯಿಂದ ಪ್ರೊಸೆಸರಿಗೆ ಹೋಗುವ ದಾರಿ) ಸಿಂಗಲ್ ಆಗಿದ್ದರೆ ಸೆಕೆಂಡಿಗೆ 12.8 ಜಿಬಿ, ಡ್ಯುಯಲ್ ಆದರೆ 25.6. ವಿಂಡೋಸ್‌ನ ರಿಸೋರ್ಸ್ ಮಾನಿಟರಿನಲ್ಲಿ ಹಾರ್ಡ್ ಫಾಲ್ಟ್ಸ್ (ಬೇಕಾದದ್ದನ್ನು ಡಿಸ್ಕಿನಿಂದ ತರಬೇಕಾದ ಸಲಗಳು) ಏರುತ್ತಾ ಡಿಸ್ಕ್ 100% ತೋರಿಸಿದರೆ 8 ಜಿಬಿ ಸಾಲದೆ ಡಿಸ್ಕಿನ ಮೇಲಿನ ಪೇಜ್ ಫೈಲಿಗೆ ಹೋಗುತ್ತಿದೆ. ಇನ್ನೊಂದು 8 ಜಿಬಿ ಸ್ಟಿಕ್ ಎರಡಕ್ಕೂ ಮದ್ದು. ಕೊಳ್ಳುವಾಗ ಎಎಂಡಿ ಬೋರ್ಡಿಗೆ ಮಾತ್ರ ಆಗುವ ಅಗ್ಗದ ಡಿಡಿಆರ್3 ಸ್ಟಿಕ್‌ಗಳೂ ಸರ್ವರ್‌ನ ರಿಜಿಸ್ಟರ್ಡ್ ಸ್ಟಿಕ್‌ಗಳೂ ಮಾರುಕಟ್ಟೆಯಲ್ಲಿರುವುದು ನೆನಪಿರಲಿ, ಇವು ಈ ಬೋರ್ಡಿನಲ್ಲಿ ನಡೆಯುವುದಿಲ್ಲ.

ಶಾಖಕ್ಕೆ ಎಚ್‌ಡಬ್ಲ್ಯೂಇನ್ಫೋ ಬೇಕೇ ಬೇಕು. ಸೆನ್ಸರ್ಸ್-ಓನ್ಲಿಯಲ್ಲಿ ತೆರೆದು, ಹಳೇ ಅಂಕಿಗಳನ್ನು ರೀಸೆಟ್ ಮಾಡಿ, ಬೆಂಚ್‌ಮಾರ್ಕ್ ಓಡಿಸಿ, ಮುಗಿದ ಮೇಲೆ ಮ್ಯಾಕ್ಸಿಮಮ್ ಕಾಲಂ ಓದಿ. ಕೋರ್ ಥರ್ಮಲ್ ಥ್ರಾಟ್ಲಿಂಗ್ (ಪ್ರೊಸೆಸರ್ ಬಿಸಿಯಾಗಿ ವೇಗ ಇಳಿಸಿಕೊಳ್ಳುವುದು) ಎದುರು ಯೆಸ್ ಬಂದಿದ್ದರೆ ಆಫ್ಟರ್‌ಬರ್ನರ್‌ನ ಪರ್ಸೆಂಟೇಜ್ ಇನ್ನು ನೋಡಬೇಕಿಲ್ಲ. ಈ ಐ5 ಚಿಪ್ 3.3 ಗಿಗಾಹರ್ಟ್ಸ್ ಬೇಸ್‌ನದು, ಟರ್ಬೊ 3.7. ಕಾದು 100 ಡಿಗ್ರಿ ಹತ್ತಿರ ಬಂದಾಗ ಕ್ಲಾಕ್ ಕುಸಿಯುತ್ತದೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಡಿಸೆಂಬರ್‌ನಲ್ಲಿ ಕಾಣದ ಯೆಸ್ ಏಪ್ರಿಲ್‌ನಲ್ಲಿ ಕಾಣುವುದೂ ಉಂಟು.

ಮದ್ದು ಧೂಳು ತೆಗೆಯುವುದು, ಕೂಲರ್ ಬಿಚ್ಚಿ ಕಡಲೆಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ಹಾಕುವುದು. ಇಂಟೆಲ್ ಬಾಕ್ಸ್ ಕೂಲರ್ ಆಗಿದ್ದರೆ ಅದರ ನಾಲ್ಕು ಪುಶ್-ಪಿನ್‌ಗಳನ್ನು ಎದುರುಬದುರು ಮೂಲೆಯಂತೆ ಒತ್ತಿ, ಪ್ರತಿಯೊಂದೂ ಟಕ್ ಅನ್ನಬೇಕು. ಆಮೇಲೆ ಬೋರ್ಡಿನ ಹಿಂಬದಿಯಿಂದ ಬಿಳಿ ಕಾಲುಗಳ ನಡುವೆ ಕಪ್ಪು ಮೊಳೆ ಹೊರಬಂದಿದೆಯಾ ನೋಡಿ. ಒಂದು ಪಿನ್ ಅರ್ಧ ಕೂತರೂ ಕೂಲರ್ ಓರೆಯಾಗಿ, ಹೊಸ ಪೇಸ್ಟ್ ಹಾಕಿದ ಮೇಲೂ ಅದೇ ಯೆಸ್ ಬರುತ್ತದೆ.