ನೆರಳಿಗೆ ಕಾಡುಮರದ ಸಸಿ: ಮೂಡಿಗೆರೆ ಕಡೆಯ ಒಂದು ನರ್ಸರಿ

ಅರೇಬಿಕಾ ಕಾಫಿ ತೋಟಕ್ಕೆ ನೆರಳಿನ ಗಿಡ ಹುಡುಕ್ತಿರೋರಿಗೆ ಇದನ್ನ ಬರೀತಿದ್ದೀನಿ. ಬರೀ ಸಿಲ್ವರ್ ಓಕ್ ಅಲ್ಲದೆ ಅತ್ತಿ, ಬಸರಿ, ಹೊನ್ನೆ, ನಂದಿ, ಹಲಸು ಎಲ್ಲ ಬೆಳೆಸಿ ಮಾರುವ ಸಣ್ಣ ನರ್ಸರಿಯೊಂದು ಮೂಡಿಗೆರೆ ಕಡೆ ಇದೆ. ಈ ಮಳೆಗಾಲಕ್ಕೆ ನಾವು ಗಿಡ ತಂದದ್ದು ಅಲ್ಲಿಂದಲೇ.

ನನಗೆ ಹಿಡಿಸಿದ್ದು ಸಸಿಗಳ ಬೇರು. "ಯಾವುದು ಬೇಕೋ ತೋರ್ಸಿ ಅಕ್ಕಾ, ಕವರ್ ಹರಿದೇ ನೋಡೋಣ" ಅಂತ ನರ್ಸರಿಯವರು ಬ್ಲೇಡ್ ಹಾಕಿ ಸೀಳಿದರು. ಹೊನ್ನೆಯ ತಾಯಿಬೇರು ನೆಟ್ಟಗೆ ಇಳಿದಿತ್ತು, ತುದಿ ಬೆಳ್ಳಗಿತ್ತು. ಕವರಿನ ತಳದಲ್ಲಿ ಸುರುಳಿ ಸುತ್ತಿದ ಬೇರಿದ್ದರೆ ಬೇಸಿಗೆಯಲ್ಲಿ ಪಸೆ ಹುಡುಕಿಕೊಂಡು ಆಳಕ್ಕೆ ಹೋಗೋದಿಲ್ಲ, ಗಿಡ ಅಲ್ಲೇ ಕುಂತುಬಿಡುತ್ತೆ.

ಈಗಿನ ಮಳೆ ನಂಬೋ ಹಾಗಿಲ್ಲ. ಕಾಫಿ ಮೊಗ್ಗು ಒಣಹವೆಯಲ್ಲಿ ಕಾದು, ಫೆಬ್ರವರಿ-ಮಾರ್ಚ್‌ನಲ್ಲಿ 1ರಿಂದ 1.5 ಇಂಚು ಹೂಮಳೆ ಬಿದ್ದು, 8-10 ದಿನಕ್ಕೆ ತೋಟವೆಲ್ಲ ಒಟ್ಟಿಗೆ ಅರಳಬೇಕು. ಜನವರಿಯಲ್ಲೇ ಮಳೆ ಬಂತೋ, ಒಂದು ಕಡೆ ಕೊಯ್ಲು, ಇನ್ನೊಂದು ಕಡೆ ಹೂ. ಮಳೆ ನಮ್ಮ ಕೈಲಿಲ್ಲ, ನೆರಳು ಇದೆ. ಬಿಸಿಲು ಬೀಳುವ ಅರೇಬಿಕಾ ಗಿಡಗಳಿಗೇ ಕಾಂಡ ಕೊರೆಯೋ ಹುಳು, ಬಿಳಿ ಕಾಂಡಕೊರಕ, ಹೆಚ್ಚು ಬೀಳೋದು, ತೊಗಟೆಯ ಬಿರುಕಲ್ಲಿ ಮೊಟ್ಟೆ ಇಡುತ್ತೆ. ನಮ್ಮ ಮೇಲಿನ ಬ್ಲಾಕಲ್ಲಿ ಮಾವನವರ ಕಾಲದಿಂದ ಸಿಲ್ವರ್ ಒಂದೇ. ಕಾಂಡಕೊರಕ ಬಿದ್ದು ಬುಡಸಮೇತ ಕಿತ್ತು ಸುಟ್ಟ ಗಿಡಗಳೂ ಅಲ್ಲಿಯವೇ ಜಾಸ್ತಿ. ಕೆಳಗೆ ಹಳೇ ಅತ್ತಿ, ಬಸರಿ ಇರುವಲ್ಲಿ ಮಾರ್ಚ್ ತಿಂಗಳಲ್ಲೂ ದರಗು ಕೆದಕಿದರೆ ಮಣ್ಣು ತಣ್ಣಗಿರುತ್ತೆ, ಎರೆಹುಳು ಸಿಗುತ್ತೆ. ಸಿಲ್ವರ್ ಆಸ್ಟ್ರೇಲಿಯಾದಿಂದ ಬಂದ ಮರ. ಮೆಣಸಿನ ಬಳ್ಳಿ ಹಬ್ಬಿಸೋಕೆ ಒಳ್ಳೇದು, ಆದರೆ ಅದರ ಎಲೆ ಬೇಗ ಕೊಳೆಯೋದಿಲ್ಲ. ಕಡಿಯೋಕೆ ಅರಣ್ಯ ಇಲಾಖೆ ಅನುಮತಿಯ ತಲೆನೋವಿಲ್ಲ ಅಂತ ಎಲ್ಲರೂ ಅದನ್ನೇ ಹಾಕಿದ್ದು. ತಪ್ಪು ಅನ್ನಲ್ಲ. ಆದರೆ ಅತ್ತಿಮರವನ್ನ ಕಡಿದು ಮಾರೋಕೆ ಅಂತ ಯಾರೂ ನೆಡಲ್ಲವಲ್ಲ! ಹಣ್ಣು ಬಿಟ್ಟಾಗ ಮಂಗಟ್ಟೆ ಹಕ್ಕಿ ಬಂದು ಕೂರೋದನ್ನ ನೋಡಿದರೆ ಸಾಕು.

ನಂದಿ ಒಂದನ್ನೇ ಒಯ್ಯಬೇಡಿ, ಬೇಸಿಗೆಗೆ ಎಲೆ ಉದುರುತ್ತೆ, ಜೊತೆಗೆ ಬಸರಿ ಹಾಕಿ ಅಂತ ಅವರೇ ಹೇಳಿದರು. ಮಾರೋರು ಹೀಗೆ ಹೇಳೋದು ಅಪರೂಪ.

ಹಲಸಿನ ಸಸಿಗಳು ಸೊರಗಿದ್ದವು, ತರಲಿಲ್ಲ. ಗಿಡಗಳಿಗೆ ಹೆಸರಿನ ಚೀಟಿ ಇಲ್ಲ, ಕೇಳಿ ಗುರುತು ಮಾಡಿಸಿಕೊಳ್ಳಿ. ಬೆಲೆ ಸಿಲ್ವರ್‌ಗಿಂತ ಜಾಸ್ತಿ. ಪಿಕಪ್ ಗೇಟಿನವರೆಗೆ ಮಾತ್ರ ಹೋಗುತ್ತೆ. ಅತ್ತಿ ಬೇಕಿದ್ದರೆ ಮೇ ತಿಂಗಳಲ್ಲೇ ಹೇಳಿಡಿ, ಮುಂಗಾರು ಹಿಡಿಯೋ ಹೊತ್ತಿಗೆ ಖಾಲಿ.