ಬೈದುಕೊಂಡೇ ಮೂರು ವರ್ಷ ಬಳಸಿದ ಇ-ಪುಸ್ತಕ ಪರಿವರ್ತಕ

ಕಡತಗಳನ್ನು ಇಪಬ್ ಎಂಬ ಇ-ಪುಸ್ತಕ ರೂಪಕ್ಕೆ ತಿರುಗಿಸುವ ಈ ಉಚಿತ ತಂತ್ರಾಂಶವನ್ನು ಮೂರು ವರ್ಷಗಳಿಂದ ಬಳಸುತ್ತಿದ್ದೇನೆ. ಅದರ ಸೌಲಭ್ಯಗಳ ಪಟ್ಟಿಯನ್ನು ಇಲ್ಲಿ ಒಪ್ಪಿಸುವುದಿಲ್ಲ; ವಿನ್ಯಾಸ ಕೆಡುವ ರಗಳೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲ ವರ್ಷ ಪಿಡಿಎಫ್ ಕಡತಗಳನ್ನೇ ಕೊಡುತ್ತಿದ್ದೆ. ಹೊರಬಂದ ಪುಸ್ತಕದಲ್ಲಿ ವಾಕ್ಯಗಳು ಅರ್ಧಕ್ಕೇ ತುಂಡಾಗುತ್ತಿದ್ದವು, ಪುಟಸಂಖ್ಯೆ ಪ್ಯಾರಾದ ನಡುವೆ ತಲೆಹಾಕುತ್ತಿತ್ತು, ಒತ್ತಕ್ಷರಗಳು ತಮ್ಮ ಅಕ್ಷರವನ್ನು ಬಿಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದವು. ತಂತ್ರಾಂಶವನ್ನು ಮನಸಾರೆ ಬೈದೆ. ಪಿಡಿಎಫ್‌ನಲ್ಲಿ ಸಾಮಾನ್ಯವಾಗಿ ಇರುವುದು ಯಾವ ಅಕ್ಷರರೂಪ ಪುಟದ ಯಾವ ಜಾಗದಲ್ಲಿ ಕೂರಬೇಕೆಂಬ ಲೆಕ್ಕ ಮಾತ್ರ, ಹಾಗಾಗಿ ಪ್ಯಾರಾಗಳನ್ನು ಪರಿವರ್ತಕವು ಊಹಿಸಿಯೇ ಕಟ್ಟಬೇಕಾಗುತ್ತದೆ ಎಂಬುದು ತಡವಾಗಿ ತಿಳಿಯಿತು.

ಮೂಲದ ವರ್ಡ್ ಕಡತವನ್ನೇ ಕೊಡತೊಡಗಿದ ಮೇಲೆ ಆ ಕಾಟ ತಪ್ಪಿತಾದರೂ ಪರಿವಿಡಿ ಖಾಲಿಯಾಗಿಯೇ ಬರುತ್ತಿತ್ತು. ಇಲ್ಲಿ ತಪ್ಪು ನನ್ನದೇ. ಅಧ್ಯಾಯದ ಹೆಸರನ್ನು ದಪ್ಪಗೆ, ದೊಡ್ಡದಾಗಿ ಮಾಡಿದರೆ ನನ್ನ ಕಣ್ಣಿಗೆ ಅದು ಶೀರ್ಷಿಕೆ. ತಂತ್ರಾಂಶಕ್ಕೆ ಅದೂ ಒಂದು ಪ್ಯಾರಾ. ವರ್ಡ್‌ನಲ್ಲೇ ಇರುವ 'ಹೆಡಿಂಗ್ 1' ಎಂಬ ಶೀರ್ಷಿಕೆ ಶೈಲಿಯನ್ನು ಕೊಟ್ಟೊಡನೆ ಅಧ್ಯಾಯಗಳೆಲ್ಲ ಪರಿವಿಡಿಯಲ್ಲಿ ಸಾಲಾಗಿ ಬಂದು ಕುಳಿತವು. ಅಂದಿನಿಂದ ಬೈಗುಳ ಸ್ವಲ್ಪ ಕಡಿಮೆಯಾಗಿದೆ.

ಈಗ ಯಾವ ಕಡತ ಬಂದರೂ ಮೊದಲು ವರ್ಡ್‌ನಲ್ಲಿ ಅಡಗಿದ ಗುರುತುಗಳನ್ನು ತೋರಿಸುವ ಗುಂಡಿಯನ್ನು ಒತ್ತುತ್ತೇನೆ. ಕವನದ ಸಾಲೊಂದನ್ನು ನಡುವಿಗೆ ತರಲು ಯಾರೋ ಸ್ಪೇಸ್ ಬಾರನ್ನು ಹನ್ನೊಂದು ಸಲ ಒತ್ತಿದ್ದರೆ ಹನ್ನೊಂದು ಚುಕ್ಕಿಗಳು ಕಾಣುತ್ತವೆ; ಹೊಸ ಪುಟಕ್ಕೆ ಹೋಗಲು ಎಂಟರ್ ಕುಟ್ಟಿದ್ದಕ್ಕೆ ಪ್ಯಾರಾ ಗುರುತುಗಳು ಏಣಿಯಂತೆ ಇಳಿದಿರುತ್ತವೆ. ಅವನ್ನು ಅಳಿಸಿ ಮಧ್ಯ ಜೋಡಣೆಯನ್ನೂ ಪುಟ ವಿರಾಮವನ್ನೂ ಹಾಕುವ ಆ ಅರ್ಧ ಗಂಟೆ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ, ನನಗೆ ಇಷ್ಟವೇ ಆಗಿಬಿಟ್ಟಿದೆ. ಬಳಿಕ ಪುಸ್ತಕವನ್ನು ಮೊಬೈಲ್‌ನಲ್ಲಿ ತೆರೆದು ಅಕ್ಷರಗಾತ್ರವನ್ನು ಗರಿಷ್ಠಕ್ಕೆ ಏರಿಸುತ್ತೇನೆ. ಎಲ್ಲಾದರೂ ಖಾಲಿ ಜಾಗ ಉಳಿದಿದ್ದರೆ ಅಲ್ಲಿ ಸಾಲು ಚೆದುರಿ ತಾನಾಗಿ ಸಿಕ್ಕಿಬೀಳುತ್ತದೆ.

ಒಂದು ಸಿಟ್ಟು ಮಾತ್ರ ಇಂದಿಗೂ ಆರಿಲ್ಲ. ಟೆಕ್ಸ್ಟ್ ಬಾಕ್ಸ್‌ನಲ್ಲಿ, ಅಂದರೆ ಪುಟದ ಮೇಲೆ ಬೇರೆಯಾಗಿ ಕೂರಿಸಿದ ಚೌಕದಲ್ಲಿ, ಇದ್ದ ಬರಹವು ಒಮ್ಮೆ ಪೂರ್ತಿ ಮಾಯವಾಗಿತ್ತು, ಆದರೂ ಪರಿವರ್ತನೆ ಯಶಸ್ವಿ ಎಂದೇ ಪರದೆಯ ಮೇಲೆ ಬಂದಿತ್ತು. ಒಂದು ಎಚ್ಚರಿಕೆಯ ಸಾಲು ತೋರಿಸಿದ್ದರೆ ಗಂಟೇನು ಹೋಗುತ್ತಿತ್ತು?

ವರ್ಷಕ್ಕೆ ನಾಲ್ಕೈದು ಪುಸ್ತಕ ಮಾಡುವ ನನಗೆ ಹಣ ಕೊಟ್ಟು ಬೇರೆಯದನ್ನು ಕೊಳ್ಳಬೇಕೆನಿಸಿಲ್ಲ. ಅಗಲವಾದ ಕೋಷ್ಟಕಗಳು ಪರದೆಯ ಅಂಚಿನಲ್ಲಿ ಕತ್ತರಿಸಿಹೋಗುವುದರಿಂದ ಅವನ್ನು ಎರಡು ಅಂಕಣಗಳಿಗೆ ಇಳಿಸಿಯೇ ಒಳಗೆ ಬಿಡುತ್ತೇನೆ.